ನಾಲೆಯ ಲೆಕ್ಕ ಹಿಡಿದ ಎಂಜಿನಿಯರ್: ಸರ್ ಎಂ. ವಿಶ್ವೇಶ್ವರಯ್ಯ

ಸರ್ ಎಂ.ವಿ. ಎಂದರೆ ನಮಗೆಲ್ಲ ಮೊದಲು ನೆನಪಾಗುವುದು ಮೈಸೂರು ಪೇಟ, ಬೀದಿದೀಪದ ಓದು, ಕನ್ನಂಬಾಡಿ ಕಟ್ಟೆ. ಸೆಪ್ಟೆಂಬರ್ 15ರ ಭಾಷಣ ಸ್ಪರ್ಧೆಯಲ್ಲಿ ನಾನೂ ಅವನ್ನೇ ಕಂಠಪಾಠ ಮಾಡಿ ಒಪ್ಪಿಸಿದ್ದೆ. ಕಟ್ಟೆಗೂ ನಾಲೆಗೂ ಹಣ ಎಲ್ಲಿಂದ ಬರಬೇಕು ಎಂದು ಅವರು ಎಷ್ಟು ತಲೆ ಕೆಡಿಸಿಕೊಂಡಿದ್ದರು ಎಂಬುದು ತಿಳಿದದ್ದು ಬಿ.ಇ. ಮುಗಿಸಿ ಎಷ್ಟೋ ವರ್ಷವಾದ ಮೇಲೆ.

ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಮನೆಪಾಠ ಹೇಳುತ್ತಾ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸೇರಿದರು.

ಅಲ್ಲಿ ಅವರು ಕಂಡದ್ದು ನಷ್ಟದಲ್ಲಿದ್ದ ನಾಲೆಗಳನ್ನು. ಪುಣೆ ಕಡೆಯ ನೀರಾ ನಾಲೆಯಲ್ಲಿ ಮೇಲ್ಭಾಗದ ರೈತರು ಕಬ್ಬಿಗೆ ಬೇಕಾದಷ್ಟು ನೀರು ಹರಿಸಿಕೊಳ್ಳುತ್ತಿದ್ದರು. ಅವರ ಹೊಲ ಜೌಗಾಗುತ್ತಿತ್ತು, ಕೊನೆ ಭಾಗದ ಹೊಲ ಒಣಗುತ್ತಿತ್ತು. ಖಜಾನೆಯಿಂದ ಹಣ ಹಾಕಿ ತೋಡಿದ ನಾಲೆಯಿಂದ ಸರ್ಕಾರಕ್ಕೆ ಬರುತ್ತಿದ್ದದ್ದು ಅಲ್ಪ. 1900ರ ಆಸುಪಾಸಿನಲ್ಲಿ ವಿಶ್ವೇಶ್ವರಯ್ಯನವರು ಇದಕ್ಕೆ ಬ್ಲಾಕ್ ಪದ್ಧತಿ ರೂಪಿಸಿದರು. ನಾಲೆಯ ಉದ್ದಕ್ಕೂ ಇರುವ ಹಳ್ಳಿಗಳ ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ, ಒಂದೊಂದು ಬ್ಲಾಕಿನಲ್ಲಿ ಒಂದು ಭಾಗಕ್ಕೆ ಮಾತ್ರ ಕಬ್ಬು, ಉಳಿದದ್ದಕ್ಕೆ ಕಡಿಮೆ ನೀರಿನ ಬೆಳೆ, ವರ್ಷ ವರ್ಷ ಸರದಿ ಬದಲಾವಣೆ. ಅದೇ ನೀರು ಹೆಚ್ಚು ಹಳ್ಳಿಗಳಿಗೆ ಮುಟ್ಟುತ್ತದೆ. ನೀರು ಮುಟ್ಟಿದ ರೈತ ನೀರಿನ ಕಂದಾಯ ಕಟ್ಟುತ್ತಾನೆ, ಕಂದಾಯ ಬಂದರೆ ಹೂಳೆತ್ತಲು, ತೂಬು ರಿಪೇರಿ ಮಾಡಲು ಕಾಸಿರುತ್ತದೆ. ಮೊದಮೊದಲು ರೈತರು ಅನುಮಾನದಿಂದಲೇ ನೋಡಿದರು. ನಮ್ಮ ಜಮೀನಿಗೆ ಯಾವ ಬೆಳೆ ಎಂದು ಎಂಜಿನಿಯರ್ ಹೇಳಿದರೆ ಯಾರಿಗೆ ತಾನೇ ಹಿಡಿಸುತ್ತದೆ!

1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಆಗಿ ಬಂದರು. ಶಿವನಸಮುದ್ರದಲ್ಲಿ 1902ರಿಂದಲೇ ವಿದ್ಯುತ್ ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ವಿದ್ಯುತ್ತೂ ಸೊರಗುತ್ತಿತ್ತು. ಮೇಲೆ ಒಂದು ಜಲಾಶಯವಿದ್ದರೆ ವರ್ಷವಿಡೀ ಒಂದೇ ಸಮ ನೀರು ಬಿಡಬಹುದು, ಗಣಿ ಕಂಪನಿಗಳಿಗೆ ಹೆಚ್ಚು ವಿದ್ಯುತ್ ಮಾರಬಹುದು. ಬರಿಯ ನೀರಾವರಿಗೆ ಅಷ್ಟು ದೊಡ್ಡ ಕಟ್ಟೆಯ ಖರ್ಚು ಗಿಟ್ಟುವುದು ಕಷ್ಟವಿತ್ತು. ಆ ಲೆಕ್ಕದ ಪಕ್ಕಕ್ಕೆ ವಿದ್ಯುತ್ತಿನ ಆದಾಯ ಸೇರಿಸಿದಾಗ ಯೋಜನೆಗೆ ಕಾಲು ಬಂತು. ಆದರೂ ಹಣಕಾಸಿನವರು ಹಿಂಜರಿದರು. ಇವರು ಪಟ್ಟು ಬಿಡಲಿಲ್ಲ. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಂಜೂರು ಮಾಡಿದರು. ಅರಮನೆಯ ಒಡವೆಯ ಕಥೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ, ಗಣಿಗೆ ಮಾರಿದ ವಿದ್ಯುತ್ತಿನ ಕಥೆ ಹೇಳುವವರು ಕಡಿಮೆ. ಒಡವೆ ಕೊಟ್ಟರೆ ಒಮ್ಮೆ ಹಣ ಬರುತ್ತದೆ. ನಾಲೆಗೆ ಬೇಕಾದದ್ದು ವರ್ಷ ವರ್ಷ ಬರುವ ಹಣ.

ಸಾಫ್ಟ್‌ವೇರಿನ ನಮಗೂ ಇದು ಗೊತ್ತು. ಹೊಸದು ಕಟ್ಟಲು ಹಣ ಸಿಗುತ್ತದೆ, ಕಟ್ಟಿದ್ದನ್ನು ನೋಡಿಕೊಳ್ಳಲು ಕೇಳಿದರೆ ಎಲ್ಲರೂ ಬೇರೆ ಕಡೆ ನೋಡುತ್ತಾರೆ.

1912ರಿಂದ 1918ರವರೆಗೆ ದಿವಾನರಾಗಿದ್ದರು. ಅವರ ಆ ವರ್ಷಗಳ ಬ್ಯಾಂಕು, ವಿಶ್ವವಿದ್ಯಾನಿಲಯಗಳ ವಿಷಯ ಪಠ್ಯಪುಸ್ತಕದಲ್ಲೇ ಇದೆ. ಕಟ್ಟೆ ಪೂರ್ತಿಯಾಗುವ ಹೊತ್ತಿಗೆ ಅವರು ಅಧಿಕಾರ ಬಿಟ್ಟು ವರ್ಷಗಳಾಗಿದ್ದವು. ಹುಲಿಕೆರೆಯ ಸುರಂಗ ಹಾಯ್ದು ಮಂಡ್ಯದ ಕಡೆ ಹರಿದ ನಾಲೆಗೆ ಮೊದಲು ಇಟ್ಟ ಹೆಸರು ವೈಸ್‌ರಾಯ್ ಇರ್ವಿನ್‌ನದು. ವಿಶ್ವೇಶ್ವರಯ್ಯ ನಾಲೆ ಆದದ್ದು ಆಮೇಲೆ. ನೀರಾ ನಾಲೆಯ ಬ್ಲಾಕ್ ಪದ್ಧತಿ ಇಲ್ಲಿಗೂ ಬಂತು. 1933ರಲ್ಲಿ ಸಕ್ಕರೆ ಕಾರ್ಖಾನೆ ಬಂದ ಮೇಲೆ ಕಬ್ಬಿಗೆ ಕೊಳ್ಳುವವರು ಹತ್ತಿರದಲ್ಲೇ ಸಿಕ್ಕರು.

1955ರಲ್ಲಿ ಭಾರತರತ್ನ ಬಂತು. ನೂರು ದಾಟಿ ಬಾಳಿ, 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಅವರ ಯೋಜನೆಗೆ ಕಾಲು ಕೊಟ್ಟ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಶಿವನಸಮುದ್ರದ ವಿದ್ಯುತ್ತಿನ ಲೆಕ್ಕ ಇಂದು ಒಂದು ಸಂಸ್ಥೆಯದು, ನಾಲೆಯ ಲೆಕ್ಕ ಇನ್ನೊಂದರದು. ಅವರು ಒಂದೇ ಹಾಳೆಯ ಮೇಲೆ ಬರೆದಿದ್ದ ಆದಾಯವೂ ಖರ್ಚೂ ಹೀಗೆ ಬೇರೆಯಾಗಿವೆ. ಊರಿಗೆ ಹೋದಾಗ ನಾಲೆ ಏರಿಯ ಮೇಲೆ ನಡೆದರೆ ಕೊನೆ ಭಾಗದವರು ಈಗಲೂ ಕೇಳುವುದು ಒಂದೇ: ಈ ಸಲ ಹೂಳು ತೆಗೆಸುತ್ತಾರಾ?