ಹುಮನಾಬಾದಿನ ಮಹಾ ಆತಿಥೇಯ ಮಾಣಿಕಪ್ರಭು

ರಾಜಸ್ಥಾನದ ಮರುನಾಡಿನಲ್ಲಿ ಪಾಳುಬಿದ್ದಿದ್ದ ಕೋಟೆ, ಹವೇಲಿಗಳು ಈಗ ದುಬಾರಿ ಹೋಟೆಲುಗಳಾಗಿವೆ. 15ನೇ ಶತಮಾನದ ನೀಮ್ರಾಣಾ ಕೋಟೆ 1991ರಲ್ಲಿ ಅತಿಥಿಗಳಿಗೆ ಬಾಗಿಲು ತೆರೆದ ತರುವಾಯ, ಇತಿಹಾಸದ ಗೋಡೆಗಳ ನಡುವೆ ಒಂದು ರಾತ್ರಿ ಕಳೆಯುವುದು ನಗರವಾಸಿಗಳಿಗೆ ಹೊಸದೊಂದು ಹಂಬಲವಾಯಿತು. ಬೀದರ್ ಜಿಲ್ಲೆಯ ಹುಮನಾಬಾದಿನ ಮಗ್ಗುಲಲ್ಲಿರುವ ಮಾಣಿಕನಗರಕ್ಕೂ ಜನ ದೂರದೂರುಗಳಿಂದ ಬಂದು ತಂಗುತ್ತಾರೆ. ಅಲ್ಲಿಯೂ ಇತಿಹಾಸವಿದೆ. ಆದರೆ ಆ ಊರು ಹುಟ್ಟಿದ್ದೇ ಬಂದವರನ್ನು ಇರಿಸಿಕೊಂಡು ಉಣಿಸುವುದಕ್ಕಾಗಿ ಎಂದರೂ ಸಲ್ಲುತ್ತದೆ. ಅದನ್ನು ನೆಲೆಗೊಳಿಸಿದವರು ಮಾಣಿಕಪ್ರಭು.

ಬಸವಕಲ್ಯಾಣ ತಾಲ್ಲೂಕಿನ ಲಾಡವಂತಿಯಲ್ಲಿ 1817ರ ಡಿಸೆಂಬರ್ 22ರಂದು, ದತ್ತ ಜಯಂತಿಯ ದಿನ ಅವರ ಜನನ. ತಂದೆ ಮನೋಹರ ನಾಯಕ, ತಾಯಿ ಬಯಾದೇವಿ. ದತ್ತಾತ್ರೇಯನ ಉಪಾಸಕರ ಮನೆ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗನ ಹೊಣೆ ಸೋದರಮಾವನ ಹೆಗಲೇರಿತು. ಮಾವ ಕಲ್ಯಾಣಿಯ ನವಾಬರ ಬಳಿ ಉದ್ಯೋಗದಲ್ಲಿದ್ದವರು. ಊರಿಗೆ ಬಸವಕಲ್ಯಾಣವೆಂಬ ಹೆಸರು ಬಂದದ್ದು ಏಕೀಕರಣದ ನಂತರ. ಆಗ ಅದು ನಿಜಾಮರ ಅಧೀನದ ಒಂದು ಜಹಗೀರು. ಓದಿನತ್ತ ಒಲವು ತೋರದೆ ಗೆಳೆಯರೊಡನೆ ಕಾಡುಮೇಡು ಅಲೆಯುತ್ತಿದ್ದ ಅಳಿಯನನ್ನು ದಾರಿಗೆ ತರಲೆಂದು ಮಾವ ಅವನನ್ನು ಸುಂಕದಕಟ್ಟೆಯ ಕೆಲಸಕ್ಕೆ ಸೇರಿಸಿದರಂತೆ. ಸುಮಾರು ಆರೂವರೆ ಶತಮಾನಗಳ ಹಿಂದೆ ಇದೇ ಊರಿನಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ನೆನಪು ಇಲ್ಲಿ ಬಾರದಿರದು. ಬಸವಣ್ಣನವರು ಲೆಕ್ಕ ಬರೆಯುತ್ತಲೇ ಮಹಾಮನೆಯಲ್ಲಿ ದಾಸೋಹ ನಡೆಸಿದರು. ಮಾಣಿಕನಿಗೆ ಲೆಕ್ಕದ ಪುಸ್ತಕದ ಮುಂದೆ ಕೂರುವುದೇ ಆಗಲಿಲ್ಲ. ಕೆಲಸವನ್ನೂ ಮನೆಯನ್ನೂ ತೊರೆದು ಮಂಠಾಳದ ಕಾಡು ಸೇರಿದ. ಅಲ್ಲಿಂದ ಮುಂದೆ ಹಲವು ವರ್ಷಗಳ ಅಲೆದಾಟ. ವಿವಾಹವಾಗಲಿಲ್ಲ.

1845ರ ಸುಮಾರಿಗೆ ಹುಮನಾಬಾದಿನ ಬಳಿ, ಗುರುಗಂಗಾ ಮತ್ತು ವಿರಜಾ ಎಂಬ ಎರಡು ಹೊಳೆಗಳು ಕೂಡುವೆಡೆಯಲ್ಲಿ ಅವರು ನೆಲೆನಿಂತರು. ಸ್ಥಳದ ಆಯ್ಕೆಯಲ್ಲಿ ಅಧ್ಯಾತ್ಮವಷ್ಟೇ ಇತ್ತೋ, ಲೋಕಜ್ಞಾನವೂ ಇತ್ತೋ? ಹುಮನಾಬಾದು ಹೈದರಾಬಾದಿಗೂ ಸೊಲ್ಲಾಪುರಕ್ಕೂ ನಡುವಣ ಹಾದಿಯ ಊರು. ತುಳಜಾಪುರ, ಪಂಢರಪುರ, ಗಾಣಗಾಪುರದ ಯಾತ್ರಿಕರು ಸುಳಿದಾಡುವ ಸೀಮೆ. ಮಳೆ ಕೈಕೊಟ್ಟರೆ ಬರ ತಪ್ಪದ ನೆಲ. ಅಂಥಲ್ಲಿ ನೆರಳು, ನೀರು, ಊಟ ದೊರೆಯುವುದೆಂದರೆ ಜನ ಬಾರದಿರುವರೇ? ಗುಡಿಸಲುಗಳ ಸುತ್ತ ಗುಡಿಸಲುಗಳೆದ್ದು ಕಾಡು ಊರಾಯಿತು. ಭಂಡಾರಖಾನೆ ಎಂದು ಕರೆಯಲಾಗುವ ಅಡುಗೆಮನೆಯ ಒಲೆ ಹೊತ್ತಿತು. ಬಂದವರ ಜಾತಿ, ಮತವನ್ನು ಅಲ್ಲಿ ವಿಚಾರಿಸುತ್ತಿರಲಿಲ್ಲ. ಸಾಧುಗಳು, ಫಕೀರರು, ಗವಾಯಿಗಳು, ರೋಗಿಗಳು, ಸರದಾರರು ಎಲ್ಲರೂ ಒಂದೇ ಆವರಣದ ಅತಿಥಿಗಳು. ಅಕ್ಕಲಕೋಟೆಯ ಸ್ವಾಮಿ ಸಮರ್ಥರೂ ಕೆಲಕಾಲ ಇಲ್ಲಿ ತಂಗಿದ್ದರೆಂದು ಭಕ್ತರು ನಂಬುತ್ತಾರೆ.

ಹೈದರಾಬಾದ್ ಸಂಸ್ಥಾನದ ಆ ಕಾಲವನ್ನು ನೆನೆದರೆ ಇದರ ತೂಕ ತಿಳಿಯುತ್ತದೆ. ಆಳುವವರ ಧರ್ಮ ಒಂದು, ಪ್ರಜೆಗಳಲ್ಲಿ ಹೆಚ್ಚಿನವರದು ಇನ್ನೊಂದು. ಕನ್ನಡ, ಮರಾಠಿ, ತೆಲುಗು, ಉರ್ದು ಬೆರೆತ ಗಡಿನಾಡು. ಪ್ರಭುಗಳು ಬೋಧಿಸಿದ ಸಕಲಮತ ಸಂಪ್ರದಾಯವು ಯಾವ ಮತವನ್ನೂ ಅಲ್ಲಗಳೆಯದು. ಎಲ್ಲ ಮತಗಳಲ್ಲಿಯೂ ಇರುವುದು ಒಂದೇ ಚೈತನ್ಯವೆಂಬುದು ಅದರ ಸಾರ. ಮುಸ್ಲಿಮರು ಅವರನ್ನು ಮಹಬೂಬ್ ಸುಬಾನಿಯ ರೂಪವೆಂದೂ ಲಿಂಗಾಯತರು ಬಸವಣ್ಣನವರ ಅವತಾರವೆಂದೂ ಭಾವಿಸಿದರು. ಅವರು ರಚಿಸಿದ ಪದಗಳು ಮರಾಠಿ, ಹಿಂದಿ, ಕನ್ನಡ ಮೊದಲಾದ ಹಲವು ಭಾಷೆಗಳಲ್ಲಿವೆ. ಸಂಗೀತಕ್ಕೆ ಅವರು ಕೊಟ್ಟ ಆಶ್ರಯದಿಂದಾಗಿ ಮಾಣಿಕನಗರದ ದರ್ಬಾರಿನಲ್ಲಿ ಹಾಡುವುದು ಕಲಾವಿದರಿಗೆ ಸೇವೆಯೆನಿಸಿತು.

ದರ್ಬಾರು ಎಂಬ ಮಾತು ಸುಮ್ಮನೆ ಬಂದದ್ದಲ್ಲ. ಗಾದಿ, ಬಿರುದಾವಳಿ, ರಾಜೋಪಚಾರ ಎಲ್ಲವೂ ಅಲ್ಲಿದ್ದವು. ವೈರಾಗ್ಯವೆಂದರೆ ಬೂದಿ, ಕೌಪೀನ ಎಂದುಕೊಂಡವರಿಗೆ ಇದು ಮುಜುಗರ ತರುವಂಥದೇ. ಆದರೆ ಕಾಣಿಕೆಯಾಗಿ ಬಂದದ್ದು ಪ್ರಭುಗಳ ಬಳಿ ಉಳಿಯುತ್ತಿರಲಿಲ್ಲ, ಬೇಡಿದವರ ಕೈ ಸೇರುತ್ತಿತ್ತು. ನಿಜಾಮರು ಜಹಗೀರು ನೀಡಲು ಮುಂದಾದಾಗ ಅವರು ಒಪ್ಪಲಿಲ್ಲವೆಂದು ಸಂಸ್ಥಾನದ ಪರಂಪರೆ ತಿಳಿಸುತ್ತದೆ. ಜಹಗೀರು ಪಡೆದಿದ್ದರೆ ಭಂಡಾರಖಾನೆಗೆ ವರ್ಷವಿಡೀ ಕಾಳು ಬರುತ್ತಿತ್ತು, ನಿಜ. ಜೊತೆಗೆ ರೈತರಿಂದ ಕಂದಾಯ ವಸೂಲು ಮಾಡುವ ಹೊಣೆಯೂ ಬರುತ್ತಿತ್ತು. ಸುಂಕದಕಟ್ಟೆಯಿಂದ ಎದ್ದುಬಂದವರು ಮತ್ತೆ ಆ ಕೆಲಸಕ್ಕೆ ಮರಳಲಾರರು.

1865ರ ಮಾರ್ಗಶಿರ ಮಾಸ. ದತ್ತ ಜಯಂತಿಯ ಉತ್ಸವಕ್ಕೆ ಎಂದಿನಂತೆ ಜನ ಸೇರಿತ್ತು. ನವೆಂಬರ್ 29, ಶುದ್ಧ ಏಕಾದಶಿಯಂದು ಪ್ರಭುಗಳು ಸಮಾಧಿಸ್ಥರಾದರು. ನಲವತ್ತೆಂಟು ತುಂಬಲು ಕೆಲವೇ ದಿನಗಳಿದ್ದವು. ಪರಂಪರೆಯ ನಿರೂಪಣೆಯಂತೆ, ಸಂಗತಿ ತೀರ ಹತ್ತಿರದ ಕೆಲವರಿಗೆ ಮಾತ್ರ ತಿಳಿದಿತ್ತು. ಉತ್ಸವಕ್ಕೆ ಭಂಗ ಬರಬಾರದೆಂಬುದು ಪ್ರಭುಗಳದೇ ಅಪ್ಪಣೆ. ಹೊರಗೆ ಭಜನೆ, ಗಾಯನ ನಡೆದಿತ್ತು. ಭಂಡಾರಖಾನೆಯಲ್ಲಿ ಪಂಕ್ತಿಯ ಮೇಲೆ ಪಂಕ್ತಿ ಏಳುತ್ತಿತ್ತು. ಹುಣ್ಣಿಮೆಯ ದರ್ಬಾರು ಕೂಡಿ, ತಮ್ಮ ತಾತ್ಯಾ ಮಹಾರಾಜರ ಮಗ, ಇನ್ನೂ ಬಾಲಕನಾಗಿದ್ದ ಮನೋಹರನನ್ನು ಗಾದಿಯ ಮೇಲೆ ಕುಳ್ಳಿರಿಸಿದಾಗಲೇ ನೆರೆದ ಅತಿಥಿಗಳಿಗೆ ತಮ್ಮ ಆತಿಥೇಯರು ಇನ್ನಿಲ್ಲವೆಂಬುದು ತಿಳಿದದ್ದು. ಅಷ್ಟರಲ್ಲಿ ಎಲ್ಲರ ಊಟವೂ ಆಗಿತ್ತು.