ಗದ್ದೆಯಿಂದ ಕಾರ್ಖಾನೆಗೆ ದಾರಿ ತೋರಿದ ಕೋಲ್ಮನ್

ಹಳೆಯ ಮೈಸೂರು ಸಂಸ್ಥಾನದ ಕೈಗಾರಿಕಾ ಪ್ರಗತಿಯ ಮಾತು ಬಂದಾಗ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಮೊದಲು ನೆನಪಾಗುವುದು ಸಹಜ. ಆದರೆ ಕಟ್ಟೆಯ ನೀರು ಹೊಲಕ್ಕೆ ಹರಿದ ಮಾತ್ರಕ್ಕೆ ಕಾರ್ಖಾನೆ ತಲೆಯೆತ್ತುವುದಿಲ್ಲ. ನಡುವೆ ಬೇಕಾದ ಕೃಷಿವಿಜ್ಞಾನವನ್ನು ನಾಡಿಗೆ ಒದಗಿಸಿದವರಲ್ಲಿ ಡಾ. ಲೆಸ್ಲಿ ಕೋಲ್ಮನ್ ಪ್ರಮುಖರು.

1878ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಜನಿಸಿದ ಕೋಲ್ಮನ್, ಟೊರಾಂಟೊದಲ್ಲಿ ವ್ಯಾಸಂಗ ಮಾಡಿ, ಜರ್ಮನಿಯ ಗಾಟಿಂಗನ್‌ನಲ್ಲಿ ಡಾಕ್ಟರೇಟ್ ಪಡೆದರು. 1908ರಲ್ಲಿ ಶಿಲೀಂಧ್ರ ಹಾಗೂ ಕೀಟಶಾಸ್ತ್ರ ತಜ್ಞರಾಗಿ ಮೈಸೂರು ಸರ್ಕಾರದ ಸೇವೆಗೆ ಸೇರಿದರು. ಮಲೆನಾಡಿನ ಅಡಿಕೆ ತೋಟಗಳನ್ನು ಆಗ ಕೊಳೆರೋಗ ಕಾಡುತ್ತಿತ್ತು. ಬೆಳೆಗಾರರು ಗೊನೆಗಳಿಗೆ ಕೊಟ್ಟೆ ಕಟ್ಟಿ ಫಸಲು ಉಳಿಸಿಕೊಳ್ಳಲು ಹೆಣಗುತ್ತಿದ್ದರು. ಕೋಲ್ಮನ್ ರೋಗದ ಮೂಲವನ್ನು ಅಧ್ಯಯನ ಮಾಡಿ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ಬೆಳೆಗಾರರು ಇಂದಿಗೂ ಅದನ್ನೇ ನೆಚ್ಚಿಕೊಂಡಿದ್ದಾರೆ.

1913ರಲ್ಲಿ ಅವರು ಕೃಷಿ ಇಲಾಖೆಯ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಸ್ಥಾಪನೆಗೊಂಡಿತು.

ಅವರ ದೂರದೃಷ್ಟಿಗೆ ನಿಜವಾದ ಪರೀಕ್ಷೆ ಎದುರಾದದ್ದು ಮಂಡ್ಯದಲ್ಲಿ. 1911ರಲ್ಲಿ ಆರಂಭಗೊಂಡ ಕನ್ನಂಬಾಡಿ ಕಟ್ಟೆಯ ಕೆಲಸ ಎರಡು ದಶಕಗಳ ತರುವಾಯ ಮುಗಿಯಿತು. ಇಂದು ವಿಶ್ವೇಶ್ವರಯ್ಯ ನಾಲೆ ಎನಿಸಿಕೊಂಡಿರುವ ಇರ್ವಿನ್ ನಾಲೆಯಲ್ಲಿ ನೀರು ಹರಿಯಿತು. ಆದರೆ ಅದು ಜಾಗತಿಕ ಆರ್ಥಿಕ ಮುಗ್ಗಟ್ಟಿನಿಂದ ಬೆಳೆಗಳ ಬೆಲೆ ಕುಸಿದಿದ್ದ ಕಾಲ. ನೀರು ಬಂದರೂ ರೈತನ ಕೈಗೆ ಹಣ ಬಾರದಿದ್ದರೆ ಅಷ್ಟು ದೊಡ್ಡ ಯೋಜನೆಯ ಫಲವೇನು? ಕಬ್ಬು ಬೆಳೆಯಬೇಕು, ಅದನ್ನು ಕೊಳ್ಳುವ ಕಾರ್ಖಾನೆ ಹೊಲದ ಪಕ್ಕದಲ್ಲೇ ಇರಬೇಕು ಎಂಬುದು ಕೋಲ್ಮನ್ ಕಂಡುಕೊಂಡ ಉತ್ತರ. 1932ರಲ್ಲಿ ಭಾರತ ಸರ್ಕಾರ ದೇಶೀಯ ಸಕ್ಕರೆಗೆ ಸುಂಕದ ರಕ್ಷಣೆ ನೀಡಿದ್ದು ಅನುಕೂಲವೇ ಆಯಿತು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಆಡಳಿತದಲ್ಲಿ, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಸರ್ಕಾರದ ಜತೆಗೆ ರೈತರೂ ಅದರ ಷೇರುದಾರರಾದರು. ಅಲ್ಲಿಯವರೆಗೆ ಮೈಸೂರು ಜಿಲ್ಲೆಗೆ ಸೇರಿದ್ದ ಮಂಡ್ಯ 1939ರಲ್ಲಿ ಪ್ರತ್ಯೇಕ ಜಿಲ್ಲೆಯಾಗಿ, ಸಕ್ಕರೆಯ ನಾಡೆಂದೇ ಹೆಸರಾಯಿತು.

1934ರಲ್ಲಿ ಕೋಲ್ಮನ್ ಮೈಸೂರಿನ ಸೇವೆಯಿಂದ ನಿವೃತ್ತರಾದರು; 1954ರಲ್ಲಿ ನಿಧನ ಹೊಂದಿದರು. ಅವರು ಕನಸಿದ ಕಾರ್ಖಾನೆ ನಷ್ಟಕ್ಕೆ ಸಿಲುಕಿ ಕೆಲವು ವರ್ಷ ಸ್ಥಗಿತಗೊಂಡು, 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿತು. ಗಾಣ ನಿಂತಿದ್ದ ದಿನಗಳಲ್ಲಿ ಬೆಳೆದು ನಿಂತ ಕಬ್ಬನ್ನು ಎಲ್ಲಿಗೆ ಸಾಗಿಸುವುದೆಂಬ ಚಿಂತೆ ರೈತರನ್ನು ಕಾಡಿತು. ಹೊಲಕ್ಕೂ ಕಾರ್ಖಾನೆಗೂ ಕೋಲ್ಮನ್ ಬೆಸೆದ ನಂಟು ಎಷ್ಟು ಮುಖ್ಯವೆಂಬುದು ಆಗ ಮತ್ತೊಮ್ಮೆ ಮನವರಿಕೆಯಾಯಿತು.