ಪ್ರೆಶರ್ ಯೂನಿಟ್‌ನ ಹಿಂದಿದ್ದ ಮನುಷ್ಯ

ಫ್ಲೂಯಿಡ್ ಮೆಕ್ಯಾನಿಕ್ಸ್ ಇಂಟರ್ನಲ್ಸ್‌ನಲ್ಲಿ ಉತ್ತರ ಸರಿ ಬಂದಿದ್ರೂ ಕೊನೆಗೆ ಪಾಸ್ಕಲ್ ಅಂತ ಬರೆಯೋದು ಮರೆತು ಅರ್ಧ ಮಾರ್ಕ್ ಕಳ್ಕೊಂಡವರು ನಮ್ಮಲ್ಲಿ ತುಂಬ ಜನ ಇದ್ದೀವಿ. ಪಿಯುಸಿಯಲ್ಲಿ ಪಾಸ್ಕಲ್ ತ್ರಿಕೋನ, ಹೈಡ್ರಾಲಿಕ್ ಜಾಕ್ ಕೆಲಸ ಮಾಡೋಕೆ ಕಾರಣವಾದ ಪಾಸ್ಕಲ್ ನಿಯಮ, 1970ರಲ್ಲಿ ಬಂದ ಪಾಸ್ಕಲ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ, ಹೀಗೆ ಹೆಸರು ಮಾತ್ರ ನಮಗೆ ಎಲ್ಲ ಕಡೆ ಸಿಗುತ್ತೆ. ಆದರೆ ಆ ಮನುಷ್ಯ ಬದುಕಿದ್ದು ಬರೀ 39 ವರ್ಷ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಕಾಯಿಲೆಯಲ್ಲೇ ಕಳೆದ ಅನ್ನೋದನ್ನ ಯಾವ ಟೆಕ್ಸ್ಟ್‌ಬುಕ್ಕೂ ನಮಗೆ ಹೇಳಲಿಲ್ಲ. ನೋವು ಯಾಕೆ ಬಂತು ಅನ್ನೋ ಪ್ರಶ್ನೆಗಿಂತ, ಬಂದಿರೋ ನೋವನ್ನ ಏನು ಮಾಡೋದು ಅನ್ನೋ ಪ್ರಶ್ನೆಯನ್ನ ಅವನು ದೊಡ್ಡದು ಮಾಡಿಕೊಂಡ. ಆ ಕಥೆಯನ್ನ ಇಲ್ಲಿ ಹೇಳ್ತೀವಿ.

ಬ್ಲೇಸ್ ಪಾಸ್ಕಲ್ ಹುಟ್ಟಿದ್ದು 1623ರ ಜೂನ್ 19ರಂದು, ಫ್ರಾನ್ಸಿನ ಕ್ಲೆರ್ಮಾಂಟ್ ಎಂಬ ಊರಿನಲ್ಲಿ. ಮೂರು ವರ್ಷದವನಿದ್ದಾಗಲೇ ಅಮ್ಮ ತೀರಿಕೊಂಡಳು. ಅಕ್ಕ ಜಿಲ್ಬರ್ಟ್, ತಂಗಿ ಜಾಕ್ಲಿನ್, ಮಧ್ಯೆ ಇವನು. ಅಪ್ಪ ಎಟಿಯೆನ್ ಮತ್ತೆ ಮದುವೆಯಾಗಲಿಲ್ಲ, ಮಕ್ಕಳನ್ನ ಸ್ಕೂಲಿಗೂ ಕಳಿಸಲಿಲ್ಲ. ಪಾಠವೆಲ್ಲ ಮನೆಯಲ್ಲೇ, ಅಪ್ಪನಿಂದಲೇ. 1631ರಲ್ಲಿ ಕುಟುಂಬ ಪ್ಯಾರಿಸ್‌ಗೆ ಬಂತು. ಹದಿನಾರು ವರ್ಷಕ್ಕೇ ಹುಡುಗ ಕೋನಿಕ್ ಸೆಕ್ಷನ್‌ಗಳ ಮೇಲೆ ಬರೆದ ಪ್ರಬಂಧ ಅಲ್ಲಿನ ಗಣಿತಜ್ಞರನ್ನ ಬೆರಗುಗೊಳಿಸಿತು.

ಆಮೇಲೆ ಅಪ್ಪನಿಗೆ ರುವಾನ್ ನಗರದಲ್ಲಿ ತೆರಿಗೆ ಲೆಕ್ಕದ ಕೆಲಸ ಬಿತ್ತು. ರಾತ್ರಿಯೆಲ್ಲ ಕೂತು ಕೂಡೋದು, ಕಳೆಯೋದು. ಅಪ್ಪನ ಕಷ್ಟ ನೋಡಲಾರದೆ 1642ರಲ್ಲಿ ಪಾಸ್ಕಲ್ ಲೆಕ್ಕ ಮಾಡುವ ಯಂತ್ರ ಕಟ್ಟೋಕೆ ಶುರು ಮಾಡಿದ. ಆಗ ಅವನಿಗೆ ಹತ್ತೊಂಬತ್ತು, ಅಂದರೆ ನಮ್ಮದೇ ವಯಸ್ಸು. ಕಷ್ಟ ಇದ್ದದ್ದು ಕ್ಯಾರಿಯಲ್ಲಿ. ಒಂದು ಚಕ್ರ 9 ದಾಟಿ 0ಗೆ ಬಂದಾಗ ಪಕ್ಕದ ಚಕ್ರ ಒಂದು ಹಲ್ಲು ಮುಂದೆ ಹೋಗಬೇಕು. 9999ಕ್ಕೆ 1 ಕೂಡಿದರೆ ಎಲ್ಲ ಚಕ್ರಗಳನ್ನೂ ಒಂದೇ ಬೆರಳು ತಳ್ಳಬೇಕಾಗುತ್ತೆ, ಯಂತ್ರ ಸಿಕ್ಕಿಹಾಕಿಕೊಳ್ಳುತ್ತೆ. ಅದಕ್ಕೆ ಅವನು ಚಕ್ರ ತಿರುಗುತ್ತಾ ಹೋದಂತೆ ಒಂದು ಚಿಕ್ಕ ತೂಕ ಮೇಲೇಳುವ ಹಾಗೆ ಮಾಡಿದ. 9 ದಾಟಿದ ಕೂಡಲೇ ಆ ತೂಕ ಕೆಳಗೆ ಬಿದ್ದು ಪಕ್ಕದ ಚಕ್ರವನ್ನ ತಾನೇ ತಳ್ಳುತ್ತೆ. ಇದು ಸರಿಯಾಗೋಕೆ ಐವತ್ತಕ್ಕೂ ಹೆಚ್ಚು ಮಾದರಿ ಬೇಕಾಯಿತು. ಅಕ್ಕ ಆಮೇಲೆ ಬರೆದ ಅವನ ಜೀವನಚರಿತ್ರೆಯ ಪ್ರಕಾರ, ಹದಿನೆಂಟು ದಾಟಿದ ಮೇಲೆ ಅವನು ನೋವಿಲ್ಲದ ಒಂದು ದಿನವನ್ನೂ ಕಂಡಿರಲಿಲ್ಲ.

ಕ್ರೈಸ್ತ ಧರ್ಮ ಅವನಿಗೆ ಹೊಸದೇನಲ್ಲ. ಕ್ಯಾಥೋಲಿಕ್ ಮನೆ, ಚರ್ಚು, ಪ್ರಾರ್ಥನೆ ಎಲ್ಲ ಇತ್ತು. ಆದರೆ ಅದು ಮನೆಯ ಪದ್ಧತಿ ಅಷ್ಟೇ. 1646ರ ಚಳಿಗಾಲದಲ್ಲಿ ಅಪ್ಪ ಮಂಜುಗಡ್ಡೆ ಮೇಲೆ ಜಾರಿ ಬಿದ್ದು ಸೊಂಟದ ಕೆಳಗಿನ ಮೂಳೆಗೆ ಪೆಟ್ಟು ಮಾಡಿಕೊಂಡ. ಮೂಳೆ ಕೂಡಿಸೋಕೆ ಬಂದ ಇಬ್ಬರು ಅಣ್ಣತಮ್ಮಂದಿರು ಸುಮಾರು ಮೂರು ತಿಂಗಳು ಅವರ ಮನೆಯಲ್ಲೇ ಉಳಿದರು. ಅವರು ಜಾನ್ಸೆನಿಸ್ಟ್ ಪಂಥಕ್ಕೆ ಹತ್ತಿರವಾದವರು. ಮನುಷ್ಯ ತನ್ನ ಶಕ್ತಿಯಿಂದ ಒಳ್ಳೆಯವನಾಗಲಾರ, ದೇವರ ಕೃಪೆಯೇ ಎಲ್ಲ ಅನ್ನೋದು ಆ ಪಂಥದ ತಿರುಳು. ಅವರು ಕೊಟ್ಟ ಪುಸ್ತಕಗಳನ್ನ ಓದಿ ಮನೆಮಂದಿಯೆಲ್ಲ ಬದಲಾದರು. ಎಲ್ಲರಿಗಿಂತ ಗಾಢವಾಗಿ ಬದಲಾದವಳು ಜಾಕ್ಲಿನ್. ಚಿಕ್ಕಂದಿನಲ್ಲಿ ಸಿಡುಬು ಬಂದು ಮುಖದಲ್ಲಿ ಕಲೆ ಉಳಿದಾಗ ಅದಕ್ಕೂ ದೇವರಿಗೆ ಕೃತಜ್ಞತೆ ಹೇಳಿ ಪದ್ಯ ಬರೆದ ಹುಡುಗಿ ಅವಳು. ಈಗ ಪೋರ್ಟ್ ರಾಯಲ್ ಮಠ ಸೇರಿ ಸನ್ಯಾಸಿನಿ ಆಗ್ತೀನಿ ಅಂತ ಹಟ ಹಿಡಿದಳು. ಅಪ್ಪ ಒಪ್ಪಲಿಲ್ಲ.

ಮರುವರ್ಷ ಪಾಸ್ಕಲ್‌ನ ಆರೋಗ್ಯ ಪೂರ್ತಿ ಕೆಟ್ಟಿತು. ಕೆಲವು ಕಾಲ ಊರುಗೋಲಿಲ್ಲದೆ ನಡೆಯೋಕೆ ಆಗ್ತಿರಲಿಲ್ಲ. ದ್ರವ ಪದಾರ್ಥವನ್ನ ಬಿಸಿ ಮಾಡಿ ತೊಟ್ಟು ತೊಟ್ಟಾಗಿ ಕುಡಿಯಬೇಕಿತ್ತು. ನಾವು ಲ್ಯಾಬ್ ಮ್ಯಾನುಯಲ್‌ನಲ್ಲಿ ಓದುವ ವಾಯುಭಾರದ ಪ್ರಯೋಗ ನಡೆದದ್ದು ಈ ಸ್ಥಿತಿಯಲ್ಲೇ. 1648ರ ಸೆಪ್ಟೆಂಬರ್ 19ರಂದು ಅಕ್ಕನ ಗಂಡ ಫ್ಲೋರಿನ್ ಪೆರಿಯೆ ಪಾದರಸದ ಕೊಳವೆ ಹೊತ್ತು ಪ್ಯುಯಿ ದ ದೋಮ್ ಬೆಟ್ಟ ಹತ್ತಿದ. ಇನ್ನೊಂದು ಕೊಳವೆಯನ್ನ ಬೆಟ್ಟದ ಕೆಳಗಿನ ಊರಿನ ಮಠದಲ್ಲಿ ಇಟ್ಟು, ದಿನವಿಡೀ ನೋಡ್ತಾ ಇರೋಕೆ ಒಬ್ಬ ಸನ್ಯಾಸಿಯನ್ನ ಕೂರಿಸಿದ್ದರು. ಕೆಳಗಿನದು ಅಲುಗಲಿಲ್ಲ, ಬೆಟ್ಟದ ಮೇಲೆ ಪಾದರಸ ಸುಮಾರು 8 ಸೆಂಟಿಮೀಟರ್ ಇಳಿಯಿತು. ನಮ್ಮ ಮೇಲೆ ಗಾಳಿಯ ಭಾರ ಇದೆ ಅನ್ನೋದು ಖಚಿತವಾಯಿತು. ಪ್ರಯೋಗ ಯೋಚಿಸಿದವನು ಮಾತ್ರ ಬೆಟ್ಟದ ಹತ್ತಿರವೂ ಇರಲಿಲ್ಲ, ಪ್ಯಾರಿಸ್‌ನಲ್ಲಿ ಕಾಗದಕ್ಕೆ ಕಾಯ್ತಾ ಇದ್ದ.

1651ರ ಸೆಪ್ಟೆಂಬರ್‌ನಲ್ಲಿ ಅಪ್ಪ ತೀರಿಕೊಂಡರು. ಅಕ್ಕನಿಗೆ ಬರೆದ ಪತ್ರದಲ್ಲಿ ಪಾಸ್ಕಲ್ ಸಾವನ್ನ ಯೇಸುವಿನ ಸಾವಿನ ಜೊತೆ ಇಟ್ಟು ನೋಡೋಣ, ಒಂಟಿಯಾಗಿ ನೋಡಿದರೆ ಅದು ಬರೀ ಭಯಂಕರ ಅನ್ನೋ ಅರ್ಥದಲ್ಲಿ ಸಮಾಧಾನ ಹೇಳಿದ. ಪತ್ರ ಬಹಳ ಗಂಭೀರವಾಗಿದೆ, ತರ್ಕಬದ್ಧವಾಗಿದೆ. ಆದರೆ ಕೆಲವೇ ತಿಂಗಳಲ್ಲಿ ಆ ತರ್ಕ ಅವನ ಕೈ ಹಿಡಿಯಲಿಲ್ಲ. ಅಪ್ಪ ಹೋದ ಮೇಲೆ ಜಾಕ್ಲಿನ್‌ನ ತಡೆಯೋರು ಯಾರೂ ಇರಲಿಲ್ಲ. ಸ್ವಲ್ಪ ದಿನ ನನ್ನ ಜೊತೆ ಇರು ಅಂತ ಅಣ್ಣ ಬೇಡಿಕೊಂಡ. ಅವಳು 1652ರ ಜನವರಿ 4ರಂದು ಮನೆ ಬಿಟ್ಟು ಮಠಕ್ಕೆ ಹೋಗಿಬಿಟ್ಟಳು.

ಪಾಸ್ಕಲ್‌ನ ಜೀವನದಲ್ಲಿ ನಿಜವಾಗಿ ಹೃದಯ ಒಡೆದದ್ದು ಇಲ್ಲೇ ಅಂತ ನಮಗನ್ನಿಸುತ್ತೆ. ಆಗ ಅವನು ನಡೆದುಕೊಂಡ ರೀತಿ ಚೆನ್ನಾಗಿರಲಿಲ್ಲ. ಜಾಕ್ಲಿನ್ ತನ್ನ ಪಾಲಿನ ಆಸ್ತಿಯನ್ನ ಮಠಕ್ಕೆ ಕೊಡೋಕೆ ಹೊರಟಾಗ ಅಣ್ಣ, ಅಕ್ಕ ಇಬ್ಬರೂ ಅಡ್ಡ ಬಂದರು. ಬರಿಗೈಯಲ್ಲಿ ಸೇರಬೇಕಾಗುತ್ತಲ್ಲ ಅಂತ ಅವಳು ತುಂಬ ನೊಂದುಕೊಂಡಳು. ಕೊನೆಗೆ 1653ರಲ್ಲಿ ಅವನು ಮಣಿದು ಹಣ ಕೊಟ್ಟ. ದೊಡ್ಡವರ ಜೀವನ ಅಂದರೆ ಎಲ್ಲ ಸರಿಯಾಗೇ ಮಾಡಿರ್ತಾರೆ ಅನ್ಕೊಳ್ತೀವಿ ಅಲ್ವಾ? ಇಲ್ಲಿ ಹಾಗಿಲ್ಲ.

ಆಮೇಲೆ ಸ್ವಲ್ಪ ಕಾಲ ಶ್ರೀಮಂತ ಗೆಳೆಯರ ಜೊತೆ ಓಡಾಟ. ಜೂಜಾಟ ಅರ್ಧಕ್ಕೆ ನಿಂತರೆ ಪಣದ ಹಣವನ್ನ ಹೇಗೆ ಹಂಚಬೇಕು ಅನ್ನೋ ಪ್ರಶ್ನೆ ಹಿಡಿದು 1654ರಲ್ಲಿ ಫರ್ಮಾಗೆ ಬರೆದ ಪತ್ರಗಳಿಂದ ಪ್ರಾಬಬಿಲಿಟಿ ಶಾಸ್ತ್ರ ಶುರುವಾಯಿತು. ಹೊರಗೆ ಇಷ್ಟೊಂದು ಯಶಸ್ಸು, ಒಳಗೆ ಖಾಲಿ. ಆ ವರ್ಷ ಅವನು ಮತ್ತೆ ಮತ್ತೆ ಮಠಕ್ಕೆ ಹೋಗಿ ಅದೇ ತಂಗಿಯ ಹತ್ತಿರ ತನ್ನ ಸಂಕಟ ಹೇಳಿಕೊಳ್ತಿದ್ದ. ಈ ಲೋಕದ ಮೇಲೆ ಬೇಸರ ಬಂದಿದೆ, ಆದರೆ ದೇವರ ಕಡೆಗೂ ಸೆಳೆತ ಇಲ್ಲ ಅನ್ನೋದು ಅವನ ಕಷ್ಟ.

1654ರ ನವೆಂಬರ್ 23, ಸೋಮವಾರ. ರಾತ್ರಿ ಸುಮಾರು ಹತ್ತೂವರೆಯಿಂದ ಹನ್ನೆರಡೂವರೆವರೆಗೆ ಏನೋ ಆಯಿತು. ಅವನು ಯಾರಿಗೂ ಹೇಳಲಿಲ್ಲ, ಒಂದು ಕಾಗದದಲ್ಲಿ ಮಾತ್ರ ಗುರುತು ಹಾಕಿಕೊಂಡ. ಪ್ರಯೋಗದ ರೆಕಾರ್ಡ್ ಬರೆದ ಹಾಗೆ ಮೇಲೆ ತಾರೀಖು, ವೇಳೆ. ಕೆಳಗೆ ಬೆಂಕಿ, ಕಣ್ಣೀರು, ಸಂತೋಷ, ಯೇಸುವನ್ನ ತಾನು ಬಿಟ್ಟು ದೂರ ಹೋಗಿದ್ದೆ ಅನ್ನೋ ತಪ್ಪೊಪ್ಪಿಗೆ. ತರ್ಕದಲ್ಲಿ ಸಿಗುವ ದೇವರಲ್ಲ, ಬೈಬಲಿನಲ್ಲಿ ಮನುಷ್ಯರ ಜೊತೆ ಮಾತಾಡಿದ ದೇವರು ತನಗೆ ಸಿಕ್ಕಿದ್ದಾನೆ ಅನ್ನೋದು ಅದರ ಸಾರ. ಅದನ್ನ ತನ್ನ ಕೋಟಿನ ಒಳಗೆ ಇಟ್ಟು ಹೊಲಿದುಕೊಂಡ. ಕೋಟು ಬದಲಾಯಿಸಿದಾಗಲೆಲ್ಲ ಬಿಚ್ಚಿ ಮತ್ತೆ ಹೊಲಿದುಕೊಳ್ತಾ ಎಂಟು ವರ್ಷ ಜೊತೆಗಿಟ್ಟುಕೊಂಡ.

ಇಷ್ಟಾದ ಮೇಲೆ ಕಾಯಿಲೆ ವಾಸಿಯಾಯಿತು ಅಂತ ಬರೆಯೋ ಹಾಗಿದ್ದರೆ ಕಥೆ ಸುಲಭವಾಗಿ ಮುಗೀತಿತ್ತು. ವಾಸಿಯಾಗಲಿಲ್ಲ. 1656ರಲ್ಲಿ ಅಕ್ಕನ ಮಗಳು ಮಾರ್ಗರೀಟಳ ಕಣ್ಣಿನ ಹತ್ತಿರ ವರ್ಷಗಳಿಂದ ಕೀವು ಸೋರುತ್ತಿದ್ದ ಹುಣ್ಣಿಗೆ, ಯೇಸುವಿನ ಮುಳ್ಳಿನ ಕಿರೀಟದ್ದು ಅಂತ ಭಕ್ತರು ನಂಬಿದ್ದ ಒಂದು ಮುಳ್ಳನ್ನ ಮಠದಲ್ಲಿ ಮುಟ್ಟಿಸಿದರು. ಹುಣ್ಣು ವಾಸಿಯಾಯಿತು, ಚರ್ಚ್ ಅದನ್ನ ಪವಾಡ ಅಂತ ಒಪ್ಪಿತು. ಪಾಸ್ಕಲ್‌ಗೆ ಅಪಾರ ಸಂತೋಷ. ಆದರೆ ಮಾವನಿಗೆ ಅಂಥ ಪವಾಡ ಆಗಲಿಲ್ಲ. 1659ರ ಹೊತ್ತಿಗೆ ಅವನಿಗೆ ಸ್ವಲ್ಪ ಹೊತ್ತು ಓದೋದೂ ಕಷ್ಟವಾಯಿತು. ಕ್ರೈಸ್ತ ಧರ್ಮದ ಪರವಾಗಿ ಬರೆಯಬೇಕೆಂದಿದ್ದ ದೊಡ್ಡ ಪುಸ್ತಕ ಚೂರು ಚೂರು ಟಿಪ್ಪಣಿಗಳಲ್ಲೇ ನಿಂತಿತು. ಅವನು ಸತ್ತ ಮೇಲೆ, 1670ರಲ್ಲಿ, ಅವೇ ಪಾಂಸೇ ಅನ್ನೋ ಹೆಸರಲ್ಲಿ ಪ್ರಕಟವಾದವು.

ಆ ಕಾಲದಲ್ಲೇ ಅವನು ಒಂದು ಪ್ರಾರ್ಥನೆ ಬರೆದ. ಕಾಯಿಲೆ ವಾಸಿ ಮಾಡು ಅನ್ನೋದು ಅದರ ಬೇಡಿಕೆ ಅಲ್ಲ. ಕಾಯಿಲೆಯನ್ನ ಚೆನ್ನಾಗಿ ಬಳಸೋದು ಹೇಗೆ ಅಂತ ಕಲಿಸು ಅನ್ನೋದು. ಆರೋಗ್ಯ ಇದ್ದಾಗ ಅದನ್ನ ಹಾಳು ಮಾಡಿಕೊಂಡೆ, ಈಗ ನೋವಿದೆ, ಇದನ್ನಾದರೂ ವೇಸ್ಟ್ ಮಾಡದೆ ಇರೋ ಹಾಗೆ ಮಾಡು. ತನ್ನ ನೋವನ್ನ ಶಿಲುಬೆಯ ಮೇಲಿನ ನೋವಿನ ಜೊತೆ ಸೇರಿಸಿಕೋ ಅಂತ ಯೇಸುವನ್ನ ಕೇಳಿಕೊಳ್ತಾನೆ. ಓದಿದಾಗ ನಮಗೆ ಹೊಳೆದದ್ದು, ಇದು ಎಂಜಿನಿಯರ್‌ನ ಪ್ರಶ್ನೆ. ಚಕ್ರಕ್ಕೆ ಅಡ್ಡವಾಗಿದ್ದ ತೂಕವನ್ನೇ ಚಕ್ರ ತಳ್ಳೋಕೆ ಬಳಸಿದವನು ಕೇಳಬಹುದಾದ ಪ್ರಶ್ನೆ.

ಇದರಲ್ಲಿ ನಮಗೆ ಒಪ್ಪಿಗೆಯಾಗದ ಭಾಗವೂ ಇದೆ. ಅವನು ಒಳಗೆ ಮುಳ್ಳಿರುವ ಕಬ್ಬಿಣದ ಪಟ್ಟಿ ಕಟ್ಟಿಕೊಂಡು, ಅಹಂಕಾರ ಬಂದಾಗ ಮೊಣಕೈಯಿಂದ ಒತ್ತಿಕೊಳ್ತಿದ್ದ. ಊಟದ ರುಚಿಯನ್ನೂ ಗಮನಿಸಬಾರದು ಅಂತಿದ್ದ. ಇರೋ ನೋವು ಸಾಲದು ಅಂತ ಇನ್ನಷ್ಟು ಹುಡುಕಿಕೊಂಡು ಹೋಗೋದು ಯಾಕೆ ಅಂತ ನಾವು ಕೇಳ್ತೀವಿ.

1661ರಲ್ಲಿ ಇನ್ನೊಂದು ಪೆಟ್ಟು. ಜಾನ್ಸೆನಿಸ್ಟ್ ವಿಚಾರಗಳನ್ನ ಖಂಡಿಸುವ ಕಾಗದಕ್ಕೆ ಪೋರ್ಟ್ ರಾಯಲ್‌ನ ಸನ್ಯಾಸಿನಿಯರೆಲ್ಲ ಸಹಿ ಹಾಕಬೇಕು ಅಂತ ಆಜ್ಞೆ ಬಂತು. ಜಾಕ್ಲಿನ್ ಮನಸ್ಸಾಕ್ಷಿಗೆ ವಿರುದ್ಧವಾಗಿ ಸಹಿ ಹಾಕಿದಳು. ಕೆಲವೇ ತಿಂಗಳಲ್ಲಿ, ಅಕ್ಟೋಬರ್ 4ರಂದು, ತನ್ನ 36ನೇ ಹುಟ್ಟುಹಬ್ಬದ ದಿನವೇ ಸತ್ತಳು. ಸುದ್ದಿ ಕೇಳಿ ಪಾಸ್ಕಲ್ ಹತ್ತು ವರ್ಷದ ಹಿಂದಿನ ಹಾಗೆ ಉದ್ದ ಪತ್ರ ಬರೆಯಲಿಲ್ಲ. ನಮಗೂ ಅಷ್ಟು ಒಳ್ಳೆಯ ಸಾವು ಸಿಗಲಿ ಅಂತಷ್ಟೇ ಅಂದನಂತೆ.

ಅವನಿಗೆ ಉಳಿದದ್ದು ಒಂದು ವರ್ಷವೂ ಅಲ್ಲ. ಆ ಸಮಯದಲ್ಲಿ ಅವನು ಮಾಡಿದ್ದು ಏನು ಗೊತ್ತಾ? ಬಸ್ ಸರ್ವೀಸ್. 1662ರ ಮಾರ್ಚ್ 18ರಂದು ಪ್ಯಾರಿಸ್‌ನಲ್ಲಿ ಗೊತ್ತಾದ ದಾರಿಯಲ್ಲಿ, ಗೊತ್ತಾದ ಹೊತ್ತಿಗೆ ಓಡುವ ಕುದುರೆಗಾಡಿಗಳು ಶುರುವಾದವು. ಸೀಟಿಗೆ ಐದು ಸೋಲ್ ಚಾರ್ಜು. ಗೆಳೆಯರ ಜೊತೆ ಸೇರಿ ಅವನು ಹಾಕಿದ ಯೋಜನೆ ಅದು. ಆ ಚಳಿಗಾಲ ಬ್ಲುವಾ ಪ್ರದೇಶದಲ್ಲಿ ಬಡವರು ಹಸಿವಿನಿಂದ ಸಾಯ್ತಿದ್ದರು. ಬರಬೇಕಾದ ಲಾಭದ ಮೇಲೆ ಮುಂಗಡ ಕೇಳಿ ಅವರಿಗೆ ಕಳಿಸೋಕೆ ಅವನು ಪ್ರಯತ್ನಪಟ್ಟ.

ಅದೇ ವರ್ಷ ಅವನ ಮನೆಯಲ್ಲಿ ಒಂದು ಬಡ ಕುಟುಂಬವನ್ನ ಇರಿಸಿಕೊಂಡಿದ್ದ. ಆ ಮನೆಯ ಒಂದು ಮಗುವಿಗೆ ಸಿಡುಬು ಬಂತು. ಪಾಸ್ಕಲ್‌ನ ನೋಡಿಕೊಳ್ಳೋಕೆ ದಿನಾ ಬರೋ ಅಕ್ಕನಿಗೆ ಮಕ್ಕಳಿದ್ದರು, ಅವರಿಗೂ ಅಂಟುವ ಭಯ. ಸಾಮಾನ್ಯವಾಗಿ ಯಾರಾದರೂ ಮಗುವನ್ನ ಬೇರೆ ಕಡೆ ಕಳಿಸ್ತಾರೆ. ಅವನು ಜೂನ್ 29ರಂದು ತಾನೇ ಎದ್ದು ಅಕ್ಕನ ಮನೆಗೆ ಹೋದ, ಮಗುವನ್ನ ಅಲ್ಲೇ ಬಿಟ್ಟ. ತನ್ನ ಮನೆಗೆ ಮತ್ತೆ ಬರಲಿಲ್ಲ.

ಹಾಸಿಗೆ ಹಿಡಿದಾಗ ಅವನದು ಒಂದು ಬೇಡಿಕೆ ಇತ್ತು. ತನಗೆ ಸಿಗೋ ಆರೈಕೆಯೇ ಸಿಗುವ ಹಾಗೆ ಒಬ್ಬ ಬಡ ರೋಗಿಯನ್ನ ಇದೇ ಮನೆಗೆ ಕರೆತನ್ನಿ, ಇಲ್ಲ ಅಂದರೆ ನನ್ನನ್ನೇ ವಾಸಿಯಾಗದ ರೋಗಿಗಳ ಆಸ್ಪತ್ರೆಗೆ ಸೇರಿಸಿ ಅಂತ. ಎರಡೂ ಆಗಲಿಲ್ಲ. ಪರಮಪ್ರಸಾದ ಸ್ವೀಕರಿಸಿ, 1662ರ ಆಗಸ್ಟ್ 19ರ ಮುಂಜಾವ ತೀರಿಕೊಂಡ. ಕೆಲವು ದಿನ ಬಿಟ್ಟು ಆಳೊಬ್ಬ ಕೋಟಿನ ಒಳಗೆ ದಪ್ಪಗೆ ಏನೋ ಕೈಗೆ ತಗುಲಿತು ಅಂತ ಹೊಲಿಗೆ ಬಿಚ್ಚಿದ. ಆ ರಾತ್ರಿಯ ಕಾಗದ ಸಿಕ್ಕಿದ್ದು ಆಗಲೇ.

ನಮ್ಮಲ್ಲಿ ಎಲ್ಲರೂ ಕ್ರೈಸ್ತರಲ್ಲ, ಎಲ್ಲರೂ ದೇವರನ್ನ ನಂಬೋರೂ ಅಲ್ಲ. ಆದರೆ ಬ್ಯಾಕ್‌ಲಾಗ್ ಆದವನಿಗೆ, ಪ್ರೀತಿ ಮುರಿದು ರೂಮಿನ ಬಾಗಿಲು ಹಾಕಿಕೊಂಡವಳಿಗೆ, ಮನೆಯಲ್ಲಿ ಸಾವು ಕಂಡು ವಾಪಸ್ ಬಂದವನಿಗೆ, ಎಲ್ಲ ಒಳ್ಳೇದಕ್ಕೇ ಆಗಿದ್ದು ಬಿಡು ಅಂತ ಹೇಳಿ ನಾವು ಜಾರಿಕೊಳ್ತೀವಲ್ಲ, ಅದನ್ನ ಪಾಸ್ಕಲ್ ಪಕ್ಕ ಇಟ್ಟು ನೋಡಬೇಕು. ಅವನು ತನ್ನ ನೋವಿಗೆ ಶಿಲುಬೆಯಲ್ಲಿ ಅರ್ಥ ಕಂಡುಕೊಂಡ. ಆ ಮಗುವಿನ ನೋವಿಗೆ ಅರ್ಥ ಹೇಳೋಕೆ ಹೋಗಲಿಲ್ಲ, ತನ್ನ ಮನೆ ಬಿಟ್ಟುಕೊಟ್ಟ.

1971ರಲ್ಲಿ ಪ್ರೆಶರ್‌ನ ಯೂನಿಟ್‌ಗೆ ಅವನ ಹೆಸರಿಟ್ಟರು. ಒಂದು ಪಾಸ್ಕಲ್ ಅಂದರೆ ತುಂಬ ಕಡಿಮೆ ಒತ್ತಡ. ನಮ್ಮ ಮೇಲಿರುವ ಗಾಳಿಯದ್ದೇ ಸುಮಾರು 1,01,325 ಪಾಸ್ಕಲ್. ಅಷ್ಟು ಭಾರ ಹೊತ್ತುಕೊಂಡೇ ನಾವೆಲ್ಲ ಕ್ಲಾಸಿಗೆ ಹೋಗಿ ಬರ್ತೀವಿ. ಇನ್ಮೇಲೆ ಉತ್ತರದ ಕೊನೆಗೆ ಆ ಹೆಸರು ಬರೆಯೋದನ್ನ ನಾವಂತೂ ಮರೆಯಲ್ಲ.